ಒಂದು ಹನಿ ನೀರು ಬೀಳಲು ಬಿಟ್ಟಿಲ್ಲ

ಲಾಂಡ್ರಿಯ ಮಡಿಸುವ ಮೇಜಿನಿಂದ,
ನವೆಂಬರ್ ೧೨, ಬುಧವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮಂಡಿ ನೋವು ಹೇಗಿದೆ? ಚಳಿ ಶುರುವಾದರೆ ಎಡಗಾಲಿನದು ಜಾಸ್ತಿಯಾಗುತ್ತದೆ, ನನಗೆ ಗೊತ್ತು. ಅಲ್ಲಿ ಮೂರನೇ ಮಹಡಿಗೆ ಲಿಫ್ಟ್ ಇಲ್ಲ ಎನ್ನುವುದೂ ಗೊತ್ತು. ಮಾತ್ರೆಯನ್ನು ಊಟ ಆದಮೇಲೆ ತೆಗೆದುಕೊಳ್ಳುತ್ತೀರೋ, ಇಲ್ಲ ಹಳೇ ಚಾಳಿಯಂತೆ ಖಾಲಿ ಹೊಟ್ಟೆಗೆ ನುಂಗಿ ಆಮೇಲೆ ಎದೆ ಉರಿ ಎಂದು ಒದ್ದಾಡುತ್ತೀರೋ? ನಾದಿನಿಯ ಕೈ ಪೂರ್ತಿ ಸರಿಹೋಗಿರಬೇಕು. ಬ್ಯಾಂಡೇಜ್ ಬಿಚ್ಚಿ ಒಂಬತ್ತು ತಿಂಗಳಾಯಿತಲ್ಲ. ನಾವು ಮೂವರೂ ಇಲ್ಲಿ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ರೂಢಿ, ಅದಕ್ಕೆ ಬರೆದೆ. ನಿಜ ಹೇಳಬೇಕೆಂದರೆ ನನಗೆ ಸುಸ್ತು, ಅತ್ತೆ. ಲಾಂಡ್ರಿಯಲ್ಲಿ ಐದು ಜನ ಮಾಡುತ್ತಿದ್ದ ಕೆಲಸ ಈಗ ಮೂವರ ತಲೆಗೆ ಬಿದ್ದಿದೆ. ಆಸ್ಪತ್ರೆಯವರಿಗೆ ಶೀಟು ಬೇಕೇ ಬೇಕು, ಯಾರು ಒಗೆದರು ಎಂದು ರೋಗಿ ಕೇಳುತ್ತಾನೆಯೇ? ಈಗ ದೊಡ್ಡ ಡ್ರೈಯರ್ ತಿರುಗುತ್ತಿದೆ. ಅದು ನಿಲ್ಲುವವರೆಗೆ ನನಗೆ ಬಿಡುವು. ಬಡಬಡ ಸದ್ದಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮತ್ತೆ ಒಂದು ಮಾತು. ಕನ್ನಡಕ ಹಾಕಿಕೊಂಡು ನೀವೇ ಓದಿ. ಮಗಳ ಕೈಗೆ ಕೊಟ್ಟು ಓದಿಸಬೇಡಿ, ಅವಳು ಅರ್ಧ ನುಂಗಿ ಓದುತ್ತಾಳೆ.

ಮೊನ್ನೆ ಸೋಮವಾರ ಅವಳು ಇವರಿಗೆ ಫೋನ್ ಮಾಡಿದ್ದಳು. ಅಮ್ಮ ಇನ್ನು ಇಲ್ಲೇ ಇರುತ್ತಾಳೆ, ಅವಳ ಮಂಚ, ಟ್ರಂಕು, ಹೊಲಿಗೆ ಮಷಿನ್ ಮೂರನ್ನೂ ತರೋಕೆ ಭಾನುವಾರ ಬೆಳಿಗ್ಗೆ ಗಾಡಿ ಕಳಿಸ್ತೀನಿ, ಎತ್ತಿ ಕೊಡಿ ಎಂದಳಂತೆ. ನಿಮ್ಮ ಮಗ ಹೂಂ ಎಂದರಂತೆ. ಅಷ್ಟೇ, ಹೂಂ. ಇಡೀ ದಿನ ಬಸ್ಸಿನಲ್ಲಿ ಟಿಕೆಟ್ ಟಿಕೆಟ್ ಎಂದು ಕೂಗಿ ಬರುವ ಕಂಡಕ್ಟರಿಗೆ ಮನೆಯಲ್ಲಿ ಖರ್ಚು ಮಾಡಲು ಮಾತು ಉಳಿದಿರುವುದಿಲ್ಲ, ನೀವೇ ಹೆತ್ತದ್ದು, ನಿಮಗೆ ನಾನೇನು ಹೇಳಲಿ. ಇದು ಅಮ್ಮ ಹೇಳಿದ ಮಾತಾ, ಅವರ ಮಗಳು ಹೇಳಿದ ಮಾತಾ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಅದನ್ನು ತಿಳಿಯಲು ಈ ಕಾಗದ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಜೂನ್ ತಿಂಗಳಿಂದ ನಾನು ಫೋನ್ ಮಾಡಿದಾಗಲೆಲ್ಲ ನೀವು ಮಲಗಿರುತ್ತೀರಿ, ಇಲ್ಲವೆಂದರೆ ಸ್ನಾನಕ್ಕೆ ಹೋಗಿರುತ್ತೀರಿ. ಒಬ್ಬರು ದಿನಕ್ಕೆ ಎಷ್ಟು ಸಲ ಸ್ನಾನ ಮಾಡಬಹುದು, ಅತ್ತೆ? ಇವರ ಜೊತೆಯ ಕಂಡಕ್ಟರಿಗೆ ನಾಳೆ ನಿಮ್ಮ ಊರಿನ ಬಸ್ಸಿನಲ್ಲಿ ಡ್ಯೂಟಿ, ಅವರ ಕೈಯಲ್ಲಿ ಕಳಿಸುತ್ತೇನೆ, ನಾಳೆ ಸಂಜೆಗೆ ನಿಮ್ಮ ಕೈ ಸೇರುತ್ತದೆ.

ನೀವು ಯಾಕೆ ಹೋದಿರಿ ಎನ್ನುವುದು ನನಗೆ ಗೊತ್ತು. ಮಗಳ ಕೈ ಮುರಿದಿದೆ, ಮೂರು ವಾರ ಇದ್ದು ಬರ್ತೀನಿ ಎಂದು ಚೀಲ ಹಿಡಿದು ಹೊರಟಿರಿ, ಊರಿಗೆಲ್ಲ ಅದೇ ಕಾರಣ. ಹನ್ನೊಂದು ತಿಂಗಳಾಯಿತು. ಕಾರಣ ಕೈಯಲ್ಲ, ಜರಡಿ. ಅವತ್ತು ನನಗೆ ಎರಡು ಪಾಳಿ ಒಟ್ಟಿಗೆ ಬಿದ್ದಿತ್ತು. ಮನೆಗೆ ಬಂದು ಹಿಟ್ಟು ಜರಡಿ ಹಿಡಿಯೋಣ ಎಂದು ಕೈ ಹಾಕಿದರೆ ಜರಡಿಯ ತುಂಬ ಕರಿ ಕರಿ ಚೂರು. ಹಿತ್ತಲಲ್ಲಿ ಹೋದ ವರ್ಷದ ಎಲೆಗೊಬ್ಬರವನ್ನು ನೀವು ಅಡುಗೆಮನೆ ಜರಡಿಯಲ್ಲಿ ಆಡಿಸಿ, ಸಸಿಗಳ ಕುಂಡಕ್ಕೆ ಹಾಕಿದ್ದೀರಿ! ಕೇಳಿದರೆ ತೊಳೆದಿಟ್ಟಿದ್ದೀನಲ್ಲ ಎಂದಿರಿ. ಇಪ್ಪತ್ತು ವರ್ಷದಿಂದ ತೊಳೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ ಆ ಮಾತು ಹೇಳಬಾರದಿತ್ತು, ಈಗಲೂ ಹೇಳುತ್ತೇನೆ. ಅದು ತೊಳೆದದ್ದಲ್ಲ, ಬರೀ ನೀರು ತೋರಿಸಿದ್ದು. ಆದರೆ ಅದಾದ ಮೇಲೆ ನಾನು ಆಡಿದ ಮಾತಿದೆಯಲ್ಲ, ಇಡೀ ದಿನ ಊರಿನ ಗಲೀಜು ತೊಳೆದು ಬರ್ತೀನಿ, ಮನೆಗೆ ಬಂದರೆ ಇಲ್ಲೊಂದು ಗಲೀಜು ಅಂತ. ಅದನ್ನು ಹೇಳುವಾಗ ನಾನು ಕೈ ತೋರಿಸಿದ್ದು ಜರಡಿಯ ಕಡೆಗೆ. ನೀವು ಜರಡಿಯ ಹಿಂದೆಯೇ ನಿಂತಿದ್ದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನೀವು ಒಂದಾದರೂ ಬೈಗುಳ ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ಜರಡಿಯನ್ನು ಇನ್ನೊಂದು ಸಲ ಸೋಪು ಹಾಕಿ ತೊಳೆದು, ಬಿಸಿಲಿಗೆ ಇಟ್ಟು, ಎರಡನೇ ದಿನ ಹೊರಟುಬಿಟ್ಟಿರಿ.

ಹೋಗುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಿರಿ, ಎಲೆ ನೋಡ್ಕೋ ಎಂದು. ನನ್ನ ಮುಖ ನೋಡಲಿಲ್ಲ, ಆದರೆ ನನಗೇ ಹೇಳಿದಿರಿ. ಅಷ್ಟು ಸಾಕಾಯಿತು ನನಗೆ. ಹಿತ್ತಲಲ್ಲಿ ತಂತಿ ಜಾಲರಿಯ ಮೂರು ಗೂಡು, ಒಂದೊಂದರಲ್ಲೂ ಎದೆಮಟ್ಟಕ್ಕೆ ಎಲೆ. ಇಡೀ ಬೀದಿಯ ಮರಗಳ ಎಲೆಯನ್ನು ನೀವು ನನ್ನ ಒಳ್ಳೆ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಹೊತ್ತು ತಂದದ್ದು (ಆ ಶೀಟಿನ ಕಲೆ ಇನ್ನೂ ಹೋಗಿಲ್ಲ, ಇರಲಿ). ನೋಡಿಕೊಳ್ಳುವುದು ಎಂದರೆ ನನಗೆ ಗೊತ್ತಿರುವುದು ಒಂದೇ ರೀತಿ. ನಮ್ಮ ಲಾಂಡ್ರಿಯಲ್ಲಿ ಹಸಿ ಬಟ್ಟೆ ಕಟ್ಟಿಟ್ಟರೆ ಮುಗಿಯಿತು, ಬೂಷ್ಟು ಹಿಡಿಯುತ್ತದೆ, ಕಪ್ಪು ಚುಕ್ಕೆ ಬೀಳುತ್ತದೆ. ನಾನು ಹೊಸದಾಗಿ ಸೇರಿದಾಗ ಒಮ್ಮೆ ಅರೆಒಣಗಿದ ಶೀಟು ಮಡಿಸಿಟ್ಟೆ ಎಂದು ಮೇಲ್ವಿಚಾರಕಿ ನಲವತ್ತು ಶೀಟನ್ನು ಮತ್ತೆ ಒಗೆಸಿದ್ದರು. ಒಣಗಿಸು, ಮುಚ್ಚಿಡು, ತೇವ ತಾಗಿಸಬೇಡ. ನನ್ನ ಮೂಳೆಯಲ್ಲಿ ಕೂತಿರುವ ಪಾಠ ಇಷ್ಟೇ. ಹಾಗಾಗಿ ಏನು ಮಾಡಿದೆ ಗೊತ್ತೇ? ರೋಗಿಗಳ ಹಾಸಿಗೆಗೆ ಹಾಕುವ ರಬ್ಬರ್ ಶೀಟು ತೂತಾದರೆ ಎಸೆಯುತ್ತಾರೆ, ಅಂಥವು ಆರು ಕೇಳಿ ತಂದೆ. ಸೈಕಲ್ ಟ್ಯೂಬಿನ ಅಂಟು ತಂದು ಒಂದೊಂದು ತೂತಿಗೂ ತೇಪೆ ಹಚ್ಚಿದೆ. ಮೂರೂ ಗೂಡಿನ ತಲೆಗೆ ಹೊದಿಸಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ಕಲ್ಲು ಹೇರಿದೆ. ಮಳೆ ಮೋಡ ಕಂಡರೆ ಸಾಕು, ಎತ್ತಿದ ತುತ್ತು ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆ. ಮಳೆ ನಿಂತ ಮೇಲೆ ಶೀಟು ಸರಿಸಿ, ಕೈ ಒಳಗೆ ಹಾಕಿ ಮುಟ್ಟಿ ನೋಡುತ್ತಿದ್ದೆ. ಇಷ್ಟು ಮುತುವರ್ಜಿಯಿಂದ ನಾನು ನನ್ನ ಮಗಳನ್ನೂ ಸಾಕಿಲ್ಲ.

ಎಂಟು ವರ್ಷ ಒಂದೇ ಮನೆಯಲ್ಲಿದ್ದು ಅಷ್ಟೂ ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಿರಲಿಲ್ಲ. ಬೆಳಿಗ್ಗೆ ನಾನು ಹೋಗುವಾಗ ನೀವು ಹಿತ್ತಲಲ್ಲಿ, ಸಂಜೆ ನಾನು ಬರುವಾಗಲೂ ಹಿತ್ತಲಲ್ಲಿ. ಪೈಪ್ ಹಿಡಿದು ನಿಂತಿರುತ್ತಿದ್ದಿರಿ, ಗಿಡಕ್ಕೆ ನೀರು ಬಿಡುತ್ತಿದ್ದೀರಿ ಎಂದುಕೊಂಡಿದ್ದೆ. ಎಲೆಗೂ ನೀರು ಕುಡಿಸುತ್ತಾರೆ ಎಂದು ಯಾವ ತಲೆಗೆ ಹೊಳೆಯುತ್ತದೆ? ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ನೀವು ಮಾತಾಡಿದ್ದೆಲ್ಲ ಗಿಡಗಳ ಹತ್ತಿರ. ನಾನು ಮಾತಾಡಿದ್ದೆಲ್ಲ ಮೆಷಿನ್‌ಗಳ ಹತ್ತಿರ, ಅದೂ ಬೈಗುಳವೇ.

ಜೂನ್ ತಿಂಗಳ ಆ ಫೋನು ನೆನಪಿದೆಯೇ? ವಾರವಿಡೀ ಮಳೆ ಹೊಡೆದಿತ್ತು. ಹೋದಮೇಲೆ ಮೊದಲ ಸಲ ನೀವಾಗಿ ನನ್ನನ್ನು ಕೇಳಿದಿರಿ, ಎಲೆ ಹೇಗಿದೆ ಎಂದು. ನನಗೆ ಎಷ್ಟು ಖುಷಿಯಾಯಿತು ಎಂದರೆ, ಅಲ್ಲೇ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಷ್ಟು ಮಳೇಲೂ ಒಂದು ಹನಿ ನೀರು ಬೀಳೋಕೆ ಬಿಟ್ಟಿಲ್ಲ ಅತ್ತೆ, ಮುಟ್ಟಿದರೆ ಗರಿಗರಿ ಅನ್ನುತ್ತೆ, ತಂದು ಹಾಕಿದ ದಿನ ಹೇಗಿತ್ತೋ ಹಾಗೇ ಇದೆ ಎಂದೆ.  ನೀವು, ಒಳ್ಳೇ ಕೆಲಸ ಮಾಡಿದೆ ತಾಯಿ ಎಂದು ಹೇಳಿ ಫೋನನ್ನು ಮಗಳಿಗೆ ಕೊಟ್ಟಿರಿ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ, ಅತ್ತೆ! ನಾನು ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಿಮ್ಮಮ್ಮ ನನಗೆ ಒಳ್ಳೇ ಕೆಲಸ ಮಾಡಿದೆ ಅಂದರು ಎಂದು ಇವರಿಗೆ ಮೂರು ಸಲ ಹೇಳಿದೆ. ಇವರು ಹೂಂ ಎಂದರು. ಎರಡು ದಿನ ಲಾಂಡ್ರಿಯಲ್ಲಿ ಹಾಡು ಗುನುಗಿಕೊಂಡು ಇಸ್ತ್ರಿ ಮಾಡಿದೆ, ಜೊತೆಯವಳು ಏನು ವಿಶೇಷ ಎಂದು ಕೇಳಿದಳು. ಅಲ್ಲಿಂದಾಚೆ ನೀವು ಫೋನಿಗೆ ಬರಲಿಲ್ಲ. ಯಾಕೆ ಎಂದು ಐದು ತಿಂಗಳು ತಲೆ ಕೆರೆದುಕೊಂಡೆ. ವಯಸ್ಸಾಯಿತು, ಕಿವಿ ಕೇಳುತ್ತಿಲ್ಲವೇನೋ ಎಂದೂ ಅಂದುಕೊಂಡೆ.

ಹೋದ ಭಾನುವಾರದ ಹಿಂದಿನ ಭಾನುವಾರ ಬೀದಿ ಗುಡಿಸುವ ಅಕ್ಕ ಬಂದಿದ್ದಳು. ಮತ್ತೆ ಎಲೆ ಉದುರಲು ಶುರುವಾಗಿದೆ, ಬೀದಿ ತುಂಬ ಹಳದಿ. ದೊಡ್ಡಮ್ಮ ಬಂದರಾ, ಈ ಸಲದ ಎಲೆ ಎಲ್ಲಿ ಸುರೀಲಿ ಎಂದು ಕೇಳಿದಳು. ನಾನು ಜಂಬದಿಂದ ಹಿತ್ತಲಿಗೆ ಕರೆದುಕೊಂಡು ಹೋಗಿ, ಹಗ್ಗ ಬಿಚ್ಚಿ, ಶೀಟು ಎತ್ತಿ ತೋರಿಸಿದೆ. ಅವಳು ಒಂದು ಹಿಡಿ ಎಲೆ ತೆಗೆದು ಹಿಸುಕಿದಳು, ಪುಡಿಪುಡಿಯಾಗಿ ಉದುರಿತು. ಅಯ್ಯೋ ನಿನ್ನ, ರೇಷ್ಮೆ ಸೀರೆ ಬೀರುವಲ್ಲಿ ಇಟ್ಟಹಾಗೆ ಇಟ್ಟಿದ್ದೀಯಲ್ಲ, ನೀರಿಲ್ಲದೆ ಎಲೆ ಕೊಳೆಯೋದು ಹೇಗೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡಮ್ಮ ವಾರಕ್ಕೆ ಎರಡು ಸಲ ಒಳಗೆಲ್ಲ ಒದ್ದೆ ಮಾಡಿ, ತುಳಿದು, ತಿಂಗಳಿಗೊಮ್ಮೆ ಮಗುಚಿ ಹಾಕುತ್ತಿದ್ದರು, ಮಳೆ ಬಂದರೆ ಬಾಯಿ ಬಿಚ್ಚಿಡುತ್ತಿದ್ದರು, ಹಾಗಿದ್ದರೂ ಒಂದು ವರ್ಷ ಬೇಕಾಗುತ್ತಿತ್ತು, ದಪ್ಪ ಎಲೆಗೆ ಎರಡು ವರ್ಷ ಎಂದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನನ್ನ ಕಥೆ. ಅವಳು ನಗುತ್ತಲೇ ಹೋದಳು. ನನಗೆ ನಗು ಬರಲಿಲ್ಲ. ಫೋನಿನಲ್ಲಿ ನೀವು ಒಳ್ಳೇ ಕೆಲಸ ಮಾಡಿದೆ ತಾಯಿ ಎಂದದ್ದು ಅವತ್ತು ಅರ್ಥವಾಯಿತು. ಗಲೀಜು ಎಂದವಳು ಹಠಕ್ಕೆ ಬಿದ್ದು ಅದನ್ನು ಗೊಬ್ಬರವಾಗಲೂ ಬಿಡಲಿಲ್ಲ, ಮೇಲೆ ಫೋನಿನಲ್ಲಿ ಹೇಳಿ ಆಡಿಕೊಂಡಳು ಎಂದು ನೀವು ತಿಳಿದಿರಿ. ಅಲ್ಲವೇ? ನಾನೇ ನಿಮ್ಮ ಜಾಗದಲ್ಲಿದ್ದಿದ್ದರೂ ಹಾಗೇ ತಿಳಿಯುತ್ತಿದ್ದೆ. ಬೇಕಂತ ಮಾಡಿದ್ದಲ್ಲ, ಅತ್ತೆ. ನನ್ನ ಮಗಳ ತಲೆಯ ಮೇಲೆ ಕೈ ಇಟ್ಟು ಹೇಳುತ್ತೇನೆ, ಬೇಕಂತ ಮಾಡಿದ್ದಲ್ಲ. ನಾನು ಬಾಯಿ ಹರಕಿ, ಒಪ್ಪುತ್ತೇನೆ. ಕುಹಕ ನನಗೆ ಬರುವುದಿಲ್ಲ, ಅದಕ್ಕೆ ಬೇಕಾದ ಬುದ್ಧಿಯೂ ಇಲ್ಲ, ಪುರುಸೊತ್ತೂ ಇಲ್ಲ.

ಅವತ್ತಿನಿಂದ ಈ ಹತ್ತು ದಿನವೂ ಕೆಲಸದಿಂದ ಬಂದ ಕೂಡಲೇ ಹಿತ್ತಲಿಗೆ ಇಳಿಯುತ್ತಿದ್ದೇನೆ. ಮೊದಲ ದಿನ ಪೈಪ್ ಹಿಡಿದೆ. ಅಷ್ಟು ಒಣಗಿದ ಎಲೆ ನೀರನ್ನು ಹತ್ತಿರಕ್ಕೇ ಸೇರಿಸುವುದಿಲ್ಲ, ಮೇಲಿಂದ ಜಾರಿ ನನ್ನ ಕಾಲ ಮೇಲೆ ಬಂತು. ಆಮೇಲೆ ಹೊಳೆಯಿತು. ರಕ್ತ ಒಣಗಿ ಕರಟಿದ ಶೀಟು ಕೂಡ ಹೀಗೇ. ಅದನ್ನು ಉಜ್ಜಿದರೆ ಪ್ರಯೋಜನವಿಲ್ಲ, ಬಿಸಿನೀರಂತೂ ಹಾಕಲೇಬಾರದು. ತಣ್ಣೀರಲ್ಲಿ ಮುಳುಗಿಸಿ, ಮೇಲೆ ಭಾರ ಇಟ್ಟು, ಬೆಳಗಿನವರೆಗೆ ಅದರ ಪಾಡಿಗೆ ಬಿಡಬೇಕು. ಸದ್ಯ, ನನಗೆ ಗೊತ್ತಿರುವ ಒಂದು ವಿದ್ಯೆಯಾದರೂ ಉಪಯೋಗಕ್ಕೆ ಬಂತು. ಹಳೇ ನೀಲಿ ಟಬ್ಬಿನಲ್ಲಿ ಎಲೆ ತುಂಬಿ, ನೀರು ಬಿಟ್ಟು, ಮೇಲೆ ಅದೇ ಕಲ್ಲು ಇಡುತ್ತೇನೆ. ಮರುದಿನ ತೆಗೆದು, ಜಾಲರಿಗೆ ಒಂದು ಪದರ ಹಾಕಿ ತುಳಿದು, ಇನ್ನೊಂದು ಟಬ್ಬು ನೆನೆಸುತ್ತೇನೆ. ಬೀದಿ ಗುಡಿಸುವ ಅಕ್ಕ ಬೇರೆಲ್ಲಿಯೋ ಒಂದು ಹಳೆ ರಾಶಿಯಿಂದ ಎರಡು ಬೊಗಸೆ ಗೊಬ್ಬರ ತಂದು ಕೊಟ್ಟಳು, ನಡುವೆ ಉದುರಿಸಿದರೆ ಬೇಗ ಹತ್ತಿಕೊಳ್ಳುತ್ತದಂತೆ. ಎರಡು ಗೂಡು ಮುಗಿದಿವೆ. ಸೊಂಟ ಬಿದ್ದುಹೋಗಿದೆ. ನಿನ್ನೆ ಇವರು ಡ್ಯೂಟಿ ಮುಗಿಸಿ ಬಂದವರು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. ಚಹಾ ಬೇಕಾದರೆ ನೀವೇ ಮಾಡಿಕೊಳ್ಳಿ ಎಂದೆ. ಯೂನಿಫಾರ್ಮ್ ಪ್ಯಾಂಟನ್ನೇ ಮಡಚಿಕೊಂಡು ಬಂದು ತುಳಿಯಲು ನಿಂತರು. ಎಷ್ಟೋ ಹೊತ್ತಿನ ಮೇಲೆ, ಅಮ್ಮ ಎಡಗಾಲು ಮೊದಲು ಇಡೋಳು ಎಂದರು. ಅಷ್ಟೇ. ಆ ಮನುಷ್ಯನಿಗೂ ನೀವಿಲ್ಲದ್ದು ನೋಯುತ್ತದೆ ಎಂದು ಹನ್ನೊಂದು ತಿಂಗಳ ಮೇಲೆ ನನಗೆ ಗೊತ್ತಾಯಿತು.

ಮೂರನೇ ಗೂಡು ಮಾತ್ರ ಹಾಗೇ ಇದೆ. ಅದು ನೀವು ಬೇರೆ ಮಾಡಿಟ್ಟ ದಪ್ಪ ಎಲೆಗಳದ್ದು, ಚರ್ಮದ ಹಾಗಿವೆ. ಅವನ್ನು ಮೊದಲು ಕತ್ತರಿಸಬೇಕೋ, ಹಾಗೇ ನೆನೆಸಬೇಕೋ ಅಕ್ಕನಿಗೂ ಗೊತ್ತಿಲ್ಲವಂತೆ, ದೊಡ್ಡಮ್ಮನಿಗೇ ಗೊತ್ತು ಎಂದಳು.

ನೀವಿಲ್ಲದೆ ಮನೆ ನಡೆಯುವುದಿಲ್ಲ ಎಂದು ಸುಳ್ಳು ಬರೆಯುವುದಿಲ್ಲ, ನೀವು ನಂಬುವವರೂ ಅಲ್ಲ. ನಡೆಯುತ್ತದೆ. ಅನ್ನ ಆಗುತ್ತದೆ, ಬಟ್ಟೆ ಒಣಗುತ್ತದೆ, ನಿಮ್ಮ ಮೊಮ್ಮಗಳು ನಿಮ್ಮ ಮಂಚದ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಾಳೆ, ಓದಿದ ಹಾಗೆ ಮಾಡುತ್ತಾಳೆ. ಅಜ್ಜಿ ಯಾವಾಗ ಬರ್ತಾರೆ ಎಂದು ಮೊದಲು ದಿನಾ ಕೇಳುತ್ತಿದ್ದಳು, ಈಗ ಕೇಳುವುದಿಲ್ಲ, ಅದೇ ಹೆಚ್ಚು ಬೇಸರ. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಎಂದು ನಿಮ್ಮ ಮಗಳು ಎಲ್ಲರ ಹತ್ತಿರ ಹೇಳುತ್ತಾಳೆ. ಇರಬಹುದು. ಆದರೆ ನಾನು ಗೇಟು ತೆಗೆದರೆ ಸಾಕು, ನೀವು ಹಿತ್ತಲಿಂದಲೇ ಬಂದೆಯಾ ಎಂದು ಕೂಗುತ್ತಿದ್ದಿರಿ. ತಿರುಗಿಯೂ ನೋಡುತ್ತಿರಲಿಲ್ಲ, ನಾನೂ ಹೂಂ ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದೆ. ಈಗ ಗೇಟು ತೆಗೆದರೆ ಯಾರೂ ಕೇಳುವುದಿಲ್ಲ. ದಿನವಿಡೀ ಆ ಬಿಸಿಹಬೆಯಲ್ಲಿ ನಿಂತು ಬಂದು, ಚಪ್ಪಲಿ ಬಿಡುವ ಜಾಗದಲ್ಲೇ ಸ್ವಲ್ಪ ಹೊತ್ತು ಕೂತಿರುತ್ತೇನೆ. ಒಳಗೆ ಹೋಗಲು ಮನಸ್ಸೇ ಬರುವುದಿಲ್ಲ. ಇದನ್ನು ಇವರಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಇರಲಿ. ಬಲವಂತ ಮಾಡಲು ನಾನು ಯಾರು? ಅದು ನಿಮ್ಮ ಮಗಳ ಮನೆ, ನಿಮಗೆ ಅಲ್ಲಿ ಹಿತವಾಗಿದ್ದರೆ ಅದಕ್ಕಿಂತ ಇನ್ನೇನು ಬೇಕು. ಮಂಚವನ್ನು ಒರೆಸಿದ್ದೇನೆ. ಹಾಸಿಗೆಗೆ ಬಿಸಿಲು ಕಾಣಿಸಿ ಹಳೆ ಶೀಟು ಸುತ್ತಿಟ್ಟಿದ್ದೇನೆ. ಟ್ರಂಕಿನ ಬೀಗದ ಕೈಗೆ ದಾರ ಕಟ್ಟಿದ್ದೇನೆ, ನಾನು ಒಳಗೆ ತೆರೆದು ನೋಡಿಲ್ಲ. ಹೊಲಿಗೆ ಮಷಿನ್‌ಗೆ ಎಣ್ಣೆ ಬಿಟ್ಟಿದ್ದೇನೆ. ಗಾಡಿಯವನಿಗೆ ಕೈಜೋಡಿಸಲು ಭಾನುವಾರ ಇವರು ಮನೆಯಲ್ಲೇ ಇರುತ್ತಾರಂತೆ. ನಿಮ್ಮ ಮನಸ್ಸಿಗೆ ಹೇಗೆ ಸರಿ ಕಾಣುತ್ತದೆಯೋ ಹಾಗೆ ಮಾಡಿ, ನಮ್ಮದೇನೂ ಅಭ್ಯಂತರವಿಲ್ಲ.

ಔಷಧಿ ಸರಿಯಾಗಿ ತೆಗೆದುಕೊಳ್ಳಿ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ. ನಾದಿನಿಗೂ ಅವಳ ಯಜಮಾನರಿಗೂ ನಮ್ಮ ನೆನಕೆಗಳನ್ನು ತಿಳಿಸಿ. ಮೊಮ್ಮಗಳು ಅಜ್ಜಿಗೆ ಮುತ್ತು ಕಳಿಸಿದ್ದಾಳೆ. ದೊಡ್ಡವರು, ನಮ್ಮ ಮೇಲೆ ಆಶೀರ್ವಾದ ಇರಲಿ.

ಇಂತಿ ನಿಮ್ಮ ಬಾಯಿ ಹರಕಿ ಸೊಸೆ

ತಾ.ಕ.: ಡ್ರೈಯರ್ ನಿಂತಿತು, ಮೇಲ್ವಿಚಾರಕಿ ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮೇಲೆ ಅಭ್ಯಂತರವಿಲ್ಲ ಎಂದು ಬರೆದದ್ದು ಶುದ್ಧ ಸುಳ್ಳು. ಇದೆ. ನಾನು ಮಂಚ ಕೊಡುವುದಿಲ್ಲ, ಟ್ರಂಕೂ ಕೊಡುವುದಿಲ್ಲ, ಮಷಿನ್ನೂ ಕೊಡುವುದಿಲ್ಲ, ನಿಮ್ಮ ಮಗಳು ಬೇಕಾದರೆ ನನ್ನ ಮೇಲೆ ಕೂಗಾಡಲಿ. ಗಾಡಿ ಬೇಡ ಎನ್ನುವುದಿಲ್ಲ, ಹೇಗಿದ್ದರೂ ಹೇಳಿಟ್ಟಿದ್ದೀರಿ, ಬರಲಿ. ಆದರೆ ಅದನ್ನು ಖಾಲಿ ಕಳಿಸಬೇಡಿ ಅತ್ತೆ, ಡ್ರೈವರ್ ಪಕ್ಕದ ಸೀಟಿನಲ್ಲಿ ನೀವು ಕೂತು ಬನ್ನಿ. ಬಂದು ಅವತ್ತು ಬೈಯದೆ ಬಿಟ್ಟದ್ದನ್ನೆಲ್ಲ ಬೈಯಿರಿ. ಭಾನುವಾರ ನನಗೆ ಎರಡು ಪಾಳಿ ಹಾಕಿದ್ದರು, ಆಗುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಗೇಟಿನ ಹತ್ತಿರವೇ ಇರುತ್ತೇನೆ.